ಸಂಸಾರ ಕೋಣೆ

ಮುಚ್ಚಳ ತೆಗೆದ ಕೂಡಲೇ ಬರಬೇಕಾದ ಸದ್ದು ಬರಲಿಲ್ಲ.

ಪ್ರೇಮಾ ಮುಚ್ಚಳವನ್ನು ಎತ್ತಿ ಹಿಡಿದುಕೊಂಡೇ ನಿಂತಳು. ತುಡುವೆ ಜೇನು ಸಾಕಿದವರಿಗೆಲ್ಲ ಆ ಸದ್ದು ಗೊತ್ತು. ಒಳಗೆ ಬೆಳಕು ಬಿದ್ದದ್ದೇ ತಡ, ಇಡೀ ಪೆಟ್ಟಿಗೆ ಒಂದೇ ಉಸಿರಿಗೆ ಸುಸ್ ಎನ್ನುತ್ತದೆ, ಕಾದ ಹಂಚಿಗೆ ನೀರು ಚಿಮುಕಿಸಿದ ಹಾಗೆ. ಯಾರದು ಎಂದು ಹುಳುಗಳು ಕೇಳುವ ರೀತಿ ಅದು. ವರ್ಷಾನುಗಟ್ಟಲೆ ಅವಳು ಆ ಪ್ರಶ್ನೆ ಕೇಳಿಸಿಕೊಂಡು, ನಾನ ಅದೀನ್ರವ್ವಾ ಎಂದು ಮನಸ್ಸಿನಲ್ಲೇ ಉತ್ತರ ಕೊಟ್ಟುಕೊಂಡು ಕೆಲಸ ಶುರು ಮಾಡುತ್ತಿದ್ದಳು. ಇವತ್ತು ಯಾರೂ ಕೇಳಲಿಲ್ಲ. ಮಟಮಟ ಮಧ್ಯಾಹ್ನ. ಬೇವಿನ ಮರದ ನೆರಳು ತನ್ನ ಬುಡದಲ್ಲೇ ಮುದುಡಿಕೊಂಡಿತ್ತು. ರಸ್ತೆಯ ಆಚೆ ಏಳುತ್ತಿದ್ದ ಗಾಜಿನ ಕಟ್ಟಡದ ಕೂಲಿಯವರೂ ಊಟಕ್ಕೆ ಕೂತಿದ್ದರಿಂದ ಸುತ್ತಿಗೆಯ ಸದ್ದೂ ಇರಲಿಲ್ಲ.

ಹುಳುಗಳು ಸತ್ತಿರಲಿಲ್ಲ, ಗೂಡು ಬಿಟ್ಟು ಓಡಿಯೂ ಹೋಗಿರಲಿಲ್ಲ. ಚೌಕಟ್ಟುಗಳ ಮೇಲೆ ಒತ್ತೊತ್ತಾಗಿ ಕೂತಿದ್ದವು, ಮದುವೆಯ ಊಟ ಮುಗಿಸಿ ಏಳಲಾಗದೆ ಗೋಡೆಗೆ ಒರಗಿದ ನೆಂಟರ ಹಾಗೆ. ಪ್ರೇಮಾ ಅವುಗಳ ನಡುವೆ ಬೆರಳಿಟ್ಟಳು. ನಿಧಾನವಾಗಿ ಸರಿದು ಜಾಗ ಬಿಟ್ಟವು. ಬೆರಳು ತೆಗೆದ ಮೇಲೆ ಅಷ್ಟೇ ನಿಧಾನವಾಗಿ ಮತ್ತೆ ಕೂಡಿಕೊಂಡವು.

ಮೇಲಿನ ಅಂತಸ್ತಿನ ಜೇನು ಕೋಣೆಯಿಂದ ಒಂದು ಚೌಕಟ್ಟು ಎತ್ತಿದಾಗ ರಟ್ಟೆ ಜಗ್ಗಿತು. ಹುಳುಗಳು ಮೇಣದಲ್ಲಿ ಕಟ್ಟಿದ ಎರಿ ಈ ಅಂಚಿನಿಂದ ಆ ಅಂಚಿನವರೆಗೆ ಜೇನು ತುಂಬಿ, ಮೇಲೆ ಬಿಳಿ ಮೇಣದ ಮುಚ್ಚಿಗೆಯೂ ಬಿದ್ದಿತ್ತು. ಶ್ರಾವಣದಲ್ಲಿ, ಹುಡುಕಿದರೂ ಒಂದು ಹೂವು ಸಿಗದ ಕಾಲದಲ್ಲಿ, ಇಂಥ ಎರಿಯನ್ನು ಅವಳು ಕಂಡೇ ಇರಲಿಲ್ಲ. ಸಂತೋಷವಾಯಿತು, ಇಲ್ಲ ಎನ್ನುವಂತಿಲ್ಲ. ಆದರೆ ಆ ಸಂತೋಷದ ತಳದಲ್ಲಿ ಏನೋ ಒಂದು ತಣ್ಣಗೆ ಕೂತಿತ್ತು.

"ರೀ," ಎಂದು ಗಂಡನನ್ನು ಕೂಗಿದಳು. "ಬರ್ರಿ ಇಲ್ಲಿ, ನೋಡ್ರಿ."

ಬಸವಲಿಂಗಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಸೇರಿ ಫೋರ್‌ಮನ್ ಆದವನು. ಆಳೆತ್ತರದ ಯಂತ್ರಗಳ ಹೊಟ್ಟೆಯೊಳಗೆ ಕೈ ಹಾಕುವ ಧೈರ್ಯವಂತ, ಜೇನುಹುಳ ಎಂದರೆ ಮಾತ್ರ ಮಾರು ದೂರ. ಇಳಕಲ್ಲಿನ ಕಡೆಯಿಂದ ಹೈದರಾಬಾದಿಗೆ ಬಂದ ಹೆಂಡತಿ ಹಿತ್ತಲಲ್ಲಿ ಪೆಟ್ಟಿಗೆ ಇಟ್ಟಂದಿನಿಂದ ಅವನಿಗೆ ಹಿತ್ತಲು ಪರದೇಶವಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಲ್ಲಿಂದನ ಹೇಳು, ಕೇಳಸ್ತೈತಿ," ಎಂದ.

"ಕಡಿಯೂದಿಲ್ಲ, ಬರ್ರಿ. ಒಂದೂ ಕಡಿವಲ್ದು."

ಅವನು ಬಂದ. ಹೆಂಡತಿಯ ಮುಖ ನೋಡಿ, ಆಮೇಲೆ ಹುಳುಗಳನ್ನು ನೋಡಿ, ಕೊನೆಗೆ ಗಟ್ಟಿ ಮನಸ್ಸು ಮಾಡಿ ಅಂಗೈಯನ್ನು ಅವುಗಳ ಮೇಲೆ ಹಿಡಿದ. ಏನೂ ಆಗಲಿಲ್ಲ. "ಭಾಳ ಶಾಣ್ಯಾ ಆಗ್ಯಾವಲ್ಲ ಇವು!" ಎಂದು ನಕ್ಕ. "ಇಷ್ಟ ವರ್ಷ ಹಿಂಗ್ಯಾಕ ಇರಲಿಲ್ಲ?"

ಪ್ರೇಮಾ ನಗಲಿಲ್ಲ. ಮುಚ್ಚಳ ಮುಚ್ಚಿ, ಮೇಲೆ ಕಲ್ಲು ಹೇರಿದಳು.

ಇದೆಲ್ಲ ಹೇಗೆ ಶುರುವಾಯಿತು ಎನ್ನುವುದನ್ನು ಹೇಳಬೇಕು. ಅವರು ಹೈದರಾಬಾದಿನ ಉಪ್ಪಲ್‌ನ ಈ ಅಂಚಿನಲ್ಲಿ, ನಾಚಾರಂ ಕಡೆಗೆ ಮುಖ ಮಾಡಿ ಮನೆ ಕಟ್ಟಿದಾಗ ಸುತ್ತಲೂ ದ್ರಾಕ್ಷಿ ಮತ್ತು ಪೇರಲ ತೋಟಗಳಿದ್ದವು. ಖಾದಿ ಮಂಡಳಿಯವರ ಜೇನು ಸಾಕಣೆ ತರಬೇತಿಗೆ ಹೊತ್ತು ಕಳೆಯಲೆಂದು ಹೋದ ಪ್ರೇಮಾ, ಪಾಳು ಗೋಡೆಯೊಂದರ ಬಿರುಕಿನಲ್ಲಿದ್ದ ತುಡುವೆ ಕುಟುಂಬವನ್ನು ಹಿಡಿದು ಪೆಟ್ಟಿಗೆಗೆ ಕೂಡಿಸಿಕೊಂಡು ಬಂದಿದ್ದಳು. ಹಿತ್ತಲಿನ ಪೆಟ್ಟಿಗೆಗಳೆಲ್ಲ ಆ ಒಂದೇ ಸಂಸಾರ ಒಡೆದು ಒಡೆದು ಆದವು. ಜೇನನ್ನು ಸುಲ್ತಾನ್ ಬಜಾರಿನ ಚಂದ್ರಕಾಂತನ ಅಂಗಡಿಗೆ ಹಾಕುತ್ತಿದ್ದಳು. ಹುಮನಾಬಾದಿನವನಾದ ಚಂದ್ರಕಾಂತ ಊರಿನ ಕನ್ನಡದವರಿಗೆಲ್ಲ ಅದನ್ನು ಅಕ್ಕಾರ ಜೇನು ಎಂದೇ ಮಾರುತ್ತಿದ್ದ.

ಆಮೇಲೆ ಕಂಪನಿಗಳು ಬಂದವು. ತೋಟಗಳು ಹೋದವು. ಹೂವೇನೋ ಬಂದವು, ಕಟ್ಟಡಗಳ ಮುಂದೆ ಸಾಲಾಗಿ, ಲಾರಿಯಲ್ಲಿ ತಂದು ನೆಟ್ಟ ಹೂವು. ನೋಡಲು ಚೆಂದ, ಒಳಗೆ ಖಾಲಿ. ಹುಳು ಇಣುಕಿ ನೋಡಿ ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗುತ್ತಿತ್ತು. ಚಂದ್ರಕಾಂತನ ಅಂಗಡಿಯ ಕಟ್ಟೆಯ ಮೇಲೆ ಟೀವಿಯಲ್ಲಿ ಬರುವ ಬಾಟಲಿಗಳು ಬಂದು ಕೂತವು.

"ಅಕ್ಕಾರ, ನಿಮ್ಮ ಜೇನು ಛೊಲೋ ಅದ, ನಾ ಇಲ್ಲ ಅನ್ನಂಗಿಲ್ಲ," ಎಂದಿದ್ದ ಅವನು, ಕಣ್ಣು ತಪ್ಪಿಸುತ್ತ. "ಆದ್ರ ಗಿರಾಕಿ ಟೀವಿ ನೋಡ್ಕೊಂಡು ಬರ್ತಾರ. ಇವ್ರು ಒಂದು ಬಾಟ್ಲಿಗಿ ಒಂದು ಫ್ರೀ ಕೊಡ್ತಾರ. ನೀವು ಏನು ಕೊಡ್ತೀರಿ?"

"ನನ್ನ ಹುಳಕ್ಕ ಕೇಳಿ ಹೇಳ್ತೀನಿ," ಎಂದು ಬಂದಿದ್ದಳು ಪ್ರೇಮಾ. ಮಾತಿಗೆ ಮಾತು ಕೊಟ್ಟದ್ದಾಯಿತು, ಆದರೆ ಮಾರಾಟವಾಗದ ಜೇನಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಮರಳಿದ್ದಳು.

ಆ ಹೊತ್ತಿಗೇ ಸರ್ಕಾರದ ಹೊಸ ಯೋಜನೆ ಬಂತು. ಯೋಜನೆಗೆ ಸೇರಿದವರ ಜೇನನ್ನು ಸರ್ಕಾರವೇ ಒಳ್ಳೆಯ ದರಕ್ಕೆ ಕೊಳ್ಳುತ್ತದೆ, ಪೆಟ್ಟಿಗೆಗೆ ಸಹಾಯಧನ ಕೊಡುತ್ತದೆ. ಕೇಳಲು ಹಬ್ಬದ ಹಾಗಿತ್ತು. ತಪಾಸಣೆಗೆ ಬಂದ ಅಧಿಕಾರಿ ಶ್ರೀಲಕ್ಷ್ಮಿ ಬಳ್ಳಾರಿಯವಳು. ಹುಳುಗಳ ಬಗ್ಗೆ ಓದಿಕೊಂಡವಳು, ಪ್ರೀತಿಯೂ ಇದ್ದವಳು. ಜೇನಿನ ಒಂದು ಹನಿಯನ್ನು ಅಳತೆಯ ಗಾಜಿನ ಮೇಲಿಟ್ಟು ಕಣ್ಣು ಕಿರಿದು ಮಾಡಿ ನೋಡಿ, ಪೆಚ್ಚಾಗಿ ನಿಂತಳು.

"ನಿಮ್ಮ ಜೇನು ನನಗೆ ತುಂಬ ಇಷ್ಟ ರೀ, ಪ್ರೇಮಾ ಅವರೇ. ನಮ್ಮಮ್ಮನಿಗೂ ಇದನ್ನೇ ಕಳಿಸ್ತೀನಿ. ಆದ್ರೆ ನೀರಿನಂಶ ಜಾಸ್ತಿ ಇದೆ, ಪಾಸಾಗಲ್ಲ."

"ತುಡವಿ ಜೇನು ತೆಳ್ಳಗನ ಇರ್ತೈತ್ರಿ. ಅದರ ಗುಣನ ಹಂಗ."

"ನನಗೆ ಗೊತ್ತು ರೀ. ಆದ್ರೆ ಅಳತೆ ಮೇಲಿಂದ ಬಂದಿರೋದು. ಹೊರದೇಶದ ದೊಡ್ಡ ಇಟಾಲಿಯನ್ ಹುಳಕ್ಕೂ ಇದಕ್ಕೂ ಒಂದೇ ಅಳತೆ. ಒಂದು ಕೆಲಸ ಮಾಡಿ, ಇಟಾಲಿಯನ್ ಪೆಟ್ಟಿಗೆ ತಗೊಳ್ಳಿ. ಕೂಡಲೇ ಮಂಜೂರು ಮಾಡಿಸ್ತೀನಿ."

"ಮತ್ತ ಇವು?"

ಶ್ರೀಲಕ್ಷ್ಮಿ ಪೆಟ್ಟಿಗೆಗಳ ಕಡೆ ನೋಡಿದಳು. "ಎರಡನ್ನೂ ಒಂದೇ ಹಿತ್ತಲಲ್ಲಿ ಇಡೋಕಾಗಲ್ಲ. ದೊಡ್ಡವು ಇವುಗಳನ್ನ ದೋಚಿ ಹಾಕ್ತವೆ. ಇವನ್ನ ಬಿಟ್ಟುಬಿಡಬೇಕಾಗುತ್ತೆ." ಆಮೇಲೆ ದನಿ ತಗ್ಗಿಸಿ, "ದಸರಾ ಮುಗಿದ ಮೇಲೆ ಕೊನೆ ತಪಾಸಣೆ ಇದೆ. ಅಷ್ಟರಲ್ಲಿ ನಿಮ್ಮ ತುಡುವೆ ಜೇನು ಪಾಸಾದ್ರೆ ಇವನ್ನೇ ಯೋಜನೆಗೆ ಸೇರಿಸ್ತೀನಿ. ಅಲ್ಲೀವರೆಗೆ ಪೆಟ್ಟಿಗೆಗಳು ಈ ಜಾಗ ಬಿಟ್ಟು ಕದಲಬಾರದು. ನಿಮ್ಮ ನೋಂದಣಿ ಈ ಜಾಗದ್ದು, ಹುಷಾರು," ಎಂದಳು.

ಪ್ರೇಮಾಗೆ ಬೇಕಾದದ್ದು ಇಷ್ಟೇ: ತನ್ನ ತುಡುವೆಗಳು ಉಳಿಯಬೇಕು. ಸಹಾಯಧನ ಯಾರಿಗೆ ಬೇಡ, ಆದರೆ ಅದಕ್ಕಾಗಿ ಈ ಸಂಸಾರವನ್ನು ಬೀದಿಗೆ ಹಾಕಿ ಬೇರೊಂದನ್ನು ಕೂಡಿಸಿಕೊಳ್ಳುವುದು ಅವಳಿಂದ ಆಗದ ಮಾತು.

ದಾರಿ ತೋರಿಸಿದವನು ತಮ್ಮ ಸೂರಜ್. ನಾಚಾರಂನಲ್ಲಿ ಸಿರಪ್ ಮಾಡುವ ಸಣ್ಣ ಕಾರ್ಖಾನೆಯೊಂದರ ಸೂಪರ್‌ವೈಸರ್ ಅವನು. ಒಂದು ಸಂಜೆ ಮೋಟಾರ್ ಸೈಕಲ್ಲಿನ ಹಿಂದೆ ಕ್ಯಾನು ಕಟ್ಟಿಕೊಂಡು ಬಂದ.

"ಅಕ್ಕಾ, ಮಳಿಗಾಲದಾಗ ಸಕ್ಕರಿ ಪಾಕ ಕುದಿಸಿ ಹುಳಕ್ಕ ಹಾಕ್ತೀ ಅಲ್ಲ, ಅದರ ಬದ್ಲಿ ಇದನ್ನ ಹಾಕಿ ನೋಡು. ನೀರು ಬೆರಸೂದು ಬ್ಯಾಡ. ಹೆಂಗ ಐತಿ ಹಂಗ."

"ಏನಿದು?"

"ಗೋವಿನಜೋಳದ ಸಿರಪ್ಪು. ಬಿಸ್ಕೀಟಿಗೆ ಹೋಗ್ತೈತಿ, ಕೆಮ್ಮಿನ ಔಷಧಕ್ಕ ಹೋಗ್ತೈತಿ." ಸೂರಜ್ ಸುತ್ತ ನೋಡಿ ಹಲ್ಲು ಕಿರಿದ. "ಜೇನಿನ ಬಾಟ್ಲಿಗೂ ಹೋಗ್ತೈತಿ. ಯಾರ ಮುಂದೂ ಬಾಯಿ ಬಿಡಬ್ಯಾಡ ಮತ್ತ."

ಪ್ರೇಮಾ ಬೆರಳದ್ದಿ ನೋಡಿದಳು. ನೀರಿನಷ್ಟು ತಿಳಿ, ಅಂಟಿನಷ್ಟು ಮಂದ. ಸಿಹಿಯಿತ್ತು, ಬರೀ ಸಿಹಿ. ಮಳೆಗಾಲದಲ್ಲಿ ಹುಳಕ್ಕೆ ಪಾಕ ಹಾಕುವುದು ಹೊಸದಲ್ಲ. ಆದರೆ ಅದು ಜೀವ ಹಿಡಿಯುವಷ್ಟು, ಒಂದು ಬಟ್ಟಲು, ಹೆಚ್ಚೆಂದರೆ ಎರಡು. ಇತರರಿಗೆ ಅವಳೇ ಎಷ್ಟೋ ಸಲ ಹೇಳಿದ ಮಾತು ಇದು. ತನ್ನ ಸರದಿ ಬಂದಾಗ ಕೈ ಅಳತೆ ಮರೆತುಬಿಟ್ಟಿತು. ಅವಳ ತವರಿನ ಕಡೆ, ಉಂಡವರು ಸಾಕೆಂದು ಎಲೆಗೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ತುಪ್ಪ ಸುರಿಯುವುದೇ ಮರ್ಯಾದೆ. ಬಟ್ಟಲು ಬರಿದಾಗುವ ಮೊದಲೇ ಅವಳು ಮತ್ತೆ ತುಂಬಿಸಿದಳು. ಕ್ಯಾನು ಮುಗಿಯುವ ಮೊದಲೇ ಸೂರಜ್ ಇನ್ನೊಂದು ತಂದ. ಇದು ಮೋಸವೇ ಎಂದು ಒಂದೆರಡು ಸಲ ಅನ್ನಿಸಿತು. ಆದರೆ ಹುಳುಗಳು ಉಳಿಯಲಿ, ಮೊದಲ ಹೂವು ಬಂದ ದಿನವೇ ಇದನ್ನು ನಿಲ್ಲಿಸುತ್ತೇನೆ ಎಂದು ತನಗೆ ತಾನೇ ಭಾಷೆ ಕೊಟ್ಟುಕೊಂಡಿದ್ದಳು.

ಹುಳುಗಳು ಸುಮ್ಮನಾದ ಆ ಮಧ್ಯಾಹ್ನ ಕಂಡ ಎರಿಯ ಜೇನನ್ನು ಮರುದಿನ ತೆಗೆದು ಅವಳು ಶ್ರೀಲಕ್ಷ್ಮಿಯ ಕಚೇರಿಗೆ ಕೊಟ್ಟು ಬಂದಳು. ಆ ವಾರದಲ್ಲೇ ಫೋನ್ ಬಂತು. "ಪಾಸಾಯ್ತು ರೀ! ಇಟಾಲಿಯನ್‌ಗಿಂತ ಗಟ್ಟಿ ಇದೆ. ಏನು ಮಾಡಿದ್ರಿ? ಇರಲಿ ಇರಲಿ, ತಪಾಸಣೆ ದಿನ ಬಂದು ನೋಡ್ತೀನಿ. ಪೆಟ್ಟಿಗೆ ಮಾತ್ರ ಅಲ್ಲಾಡಿಸಬೇಡಿ." ದನಿಯಲ್ಲಿ ನಿಜವಾದ ಖುಷಿಯಿತ್ತು. ಪ್ರೇಮಾ ಫೋನ್ ಇಟ್ಟು, ಜಗುಲಿಯ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದು ಮಧ್ಯಾಹ್ನ ಅಡುಗೆಮನೆಯ ಕಟ್ಟೆಯ ಮೇಲೆ ಆ ಜೇನಿನ ಒಂದು ಹನಿ ಚೆಲ್ಲಿತು. ಒರೆಸಲು ಬಟ್ಟೆ ತರುವಷ್ಟರಲ್ಲಿ ಗೋಡೆಯ ಮೂಲೆಯಿಂದ ಇರುವೆಯ ಸಾಲು ಹೊರಟಿತ್ತು. ಅವಳು ಸುಮ್ಮನೆ ನೋಡುತ್ತ ನಿಂತಳು. ಮುಂದಿನ ಇರುವೆ ಹನಿಯ ಹತ್ತಿರ ಬಂದು, ಮೀಸೆಯಾಡಿಸಿ ನಿಂತುಕೊಂಡಿತು. ಅದರ ಹಿಂದಿನದೂ ನಿಂತಿತು. ಸಾಲಿಗೆ ಸಾಲೇ ನಿಂತಿತು. ಆಮೇಲೆ, ಯಾರೋ ಗದರಿಸಿದ ಹಾಗೆ, ಎಲ್ಲವೂ ತಿರುಗಿ ಬಂದ ದಾರಿಯಲ್ಲೇ ಹೋದವು. ಜೇನು ಮುಟ್ಟದ ಇರುವೆಯನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅವಳು ನೆಟ್ಟಗೆ ಹಿತ್ತಲಿಗೆ ನಡೆದಳು. ಜೇನು ಕೋಣೆಯನ್ನು ಇಳಿಸಿಟ್ಟು ಕೆಳಗಿನ ಅಂತಸ್ತಿಗೆ ಕೈ ಹಾಕಿದಳು. ಅದನ್ನು ಸಂಸಾರ ಕೋಣೆ ಎನ್ನುತ್ತಾರೆ. ರಾಣಿ ಮೊಟ್ಟೆಯಿಡುವುದು, ಮರಿಗಳು ಬೆಳೆಯುವುದು ಅಲ್ಲಿ. ಮೇಲೆ ಎಷ್ಟು ಜೇನಿದ್ದರೂ ಕೆಳಗಿನ ಎರಿಯ ನಡುಭಾಗ ಮಕ್ಕಳಿಗೆ ಮೀಸಲು, ಹುಳುಗಳ ಲೋಕದಲ್ಲಿ ಅದು ಮೀರಬಾರದ ಕಟ್ಟಳೆ. ಮೊದಲ ಚೌಕಟ್ಟು ಎತ್ತಿದಳು. ಮರಿ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಪ್ರತಿ ಕೋಶದಲ್ಲೂ ಆ ತಿಳಿ ಸಿಹಿ ಕಂಠಮಟ್ಟ ತುಂಬಿ ಹೊಳೆಯುತ್ತಿತ್ತು. ನಡುವೆ, ಉದ್ದ ಹೊಟ್ಟೆಯ ಕರಿ ರಾಣಿ ಒಂದೊಂದೇ ಕೋಶಕ್ಕೆ ತಲೆ ಹಾಕಿ ನೋಡುತ್ತ, ತಲೆ ತೆಗೆದು ಪಕ್ಕದ್ದಕ್ಕೆ ಹೋಗುತ್ತ, ಎರಿಯ ತುಂಬ ತಿರುಗುತ್ತಿತ್ತು. ಮೊಟ್ಟೆಯಿಡಲು ಅದಕ್ಕೆ ಸಾಸಿವೆಯಷ್ಟು ಜಾಗವೂ ಉಳಿದಿರಲಿಲ್ಲ.

ಹೊಸ ಹುಳು ಹುಟ್ಟದಿದ್ದರೆ ಇದ್ದ ಹುಳುಗಳಿಗೆ ವಯಸ್ಸಾಗಿ ಉದುರಲು ತಿಂಗಳೊಪ್ಪತ್ತು ಸಾಕು. ಉಳಿದ ಪೆಟ್ಟಿಗೆಗಳನ್ನೂ ತೆಗೆದು ನೋಡಿದಳು. ಎಲ್ಲ ಕಡೆ ಅದೇ ತುಂಬಿದ ಮನೆ, ಅದೇ ತಿರುಗಾಟ.

ಆ ಕ್ಷಣದಿಂದ ಸಿರಪ್ ನಿಲ್ಲಿಸಿದಳು. ಬಟ್ಟಲುಗಳನ್ನು ತೊಳೆದು ಬೋರಲು ಹಾಕಿದಳು. ಸಂಸಾರ ಕೋಣೆಯ ಎರಿಗಳನ್ನೆಲ್ಲ ಜೇನು ತೆಗೆಯುವ ಯಂತ್ರಕ್ಕೆ ಹಾಕಿ, ರಟ್ಟೆ ಸೋಲುವವರೆಗೆ ತಿರುಗಿಸಿ ಬರಿದು ಮಾಡಿ ಮತ್ತೆ ಇಟ್ಟಳು. ಬರಿದಾದ ಎರಿ ಕಂಡು ಮನಸ್ಸಿಗೆ ಹಗುರವೆನಿಸಿತು. ಒಂದು ದಿನ ಬಿಟ್ಟು ತೆಗೆದು ನೋಡಿದರೆ ಎರಿಗಳು ಮೊದಲಿನಂತೆ ತುಂಬಿ ಹೊಳೆಯುತ್ತಿದ್ದವು.

ಅವಳು ಯಾರಿಗೂ ಹೇಳಲಿಲ್ಲ. ಮರುದಿನ ಬೆಳಕು ಹರಿದ ಮೇಲೆ ಪೆಟ್ಟಿಗೆಗಳ ಎದುರು ಕುಕ್ಕರುಗಾಲಲ್ಲಿ ಕೂತಳು. ಜೇನುಹುಳು ಬಾಗಿಲಿಂದ ಹೊರಬಿದ್ದರೆ ಸುತ್ತು ಹಾಕಿ, ದಿಕ್ಕು ನೋಡಿ, ಒಂದು ಹೀಗೆ, ಒಂದು ಹಾಗೆ ಹಾರುವುದು ವಾಡಿಕೆ. ಇವು ಎಲ್ಲ ಪೆಟ್ಟಿಗೆಗಳಿಂದಲೂ ಹೊರಬಂದು ಒಂದೇ ದಾರಿ ಹಿಡಿದವು. ಕಾರ್ಖಾನೆಯ ಶಿಫ್ಟಿಗೆ ಹೊರಟ ಜನರ ಹಾಗೆ, ಅಕ್ಕಪಕ್ಕ ನೋಡದೆ, ನಾಚಾರಂ ಕಡೆಗೆ.

ಸೀದಾ ಹಾರಿದರೆ ದೂರವೇನಲ್ಲ. ಆಟೋದಲ್ಲಿ ಸುತ್ತಿ ಬಳಸಿ ಹೋದ ಪ್ರೇಮಾ ಕಾರ್ಖಾನೆಯ ಗೇಟಿನಲ್ಲಿ ತಮ್ಮನನ್ನು ಕರೆಸಿದಳು. ಸೂರಜ್‌ನ ಮುಖ ಬಿಳಿಚಿಕೊಂಡಿತು. "ನಾನ ಹೇಳಾಂವ ಇದ್ದೆ ಅಕ್ಕಾ," ಎಂದಷ್ಟೇ ಹೇಳಿ ಹಿಂದಿನ ಅಂಗಳಕ್ಕೆ ಕರೆದೊಯ್ದ.

ಅಂಗಳದಲ್ಲಿ ನೀಲಿ ಡ್ರಮ್ಮುಗಳು ಸಾಲಾಗಿದ್ದವು. ಬಾಯಿ ತೆರೆದಿದ್ದ ಡ್ರಮ್ಮುಗಳ ಅಂಚು ಕಪ್ಪಾಗಿತ್ತು. ಹತ್ತಿರ ಹೋದ ಮೇಲೆ ತಿಳಿಯಿತು, ಅದು ಬಣ್ಣವಲ್ಲ. ಅಲ್ಲಿ ತುಡುವೆಗಳಿದ್ದವು. ಅವುಗಳ ಪಕ್ಕದಲ್ಲೇ ಹೆಜ್ಜೇನುಗಳಿದ್ದವು, ನೀರಿನ ಟ್ಯಾಂಕಿಗಳಿಂದಲೋ ಗಾಜಿನ ಕಟ್ಟಡಗಳ ಸೂರಿನಿಂದಲೋ ಬಂದವು. ಇರುವೆಗಿಂತ ತುಸು ದೊಡ್ಡದಾದ ಕೋಲುಜೇನುಗಳೂ ಇದ್ದವು. ಮೂರು ಜಾತಿಯವು ಒಂದು ಹೂವಿನ ಮೇಲೆ ಕೂರುವವಲ್ಲ, ಎದುರಾದರೆ ದೊಡ್ಡದು ಸಣ್ಣದನ್ನು ಓಡಿಸುತ್ತದೆ. ಇಲ್ಲಿ ಒಂದರ ರೆಕ್ಕೆ ಇನ್ನೊಂದಕ್ಕೆ ತಾಗುವಂತೆ ಕೂತು, ತಲೆ ತಗ್ಗಿಸಿ, ಹೀರುತ್ತಿದ್ದವು. ಒಂದೇ ಒಂದು ಗುಂಯ್‌ಗುಡುವಿಕೆ ಇಲ್ಲ. ಒಳಗೆ ಓಡುವ ಯಂತ್ರದ ಸದ್ದು ಮಾತ್ರ.

"ಡ್ರಮ್ ಮುಚ್ಚಸು," ಎಂದಳು ಪ್ರೇಮಾ.

"ಮುಚ್ಚಿ ನೋಡೀವಿ. ಮುಚ್ಚಿದ್ರ ನೆಲದ ಮ್ಯಾಲೆ ಚೆಲ್ಲಿದ್ದಕ್ಕ ಕೂಡ್ತಾವ. ನೆಲ ತೊಳದ್ರ ಪೈಪಿನ ಬಾಯಿಗೆ ಕೂಡ್ತಾವ. ಅಲ್ಲಿಂದ ಎಬ್ಬಿಸಿದ್ರ ಬಾಜೂಕಿನ ಕಾರ್ಖಾನಿಗೆ ಹೋಗ್ತಾವ, ಅಲ್ಲೂ ಇದನ ಮಾಡ್ತಾರ." ಸೂರಜ್ ತಗ್ಗಿದ ದನಿಯಲ್ಲಿ ಸೇರಿಸಿದ, "ಹುಡುಗ್ರು ಇಲ್ಲಿ ಒಬ್ಬೊಬ್ಬರ ಬರಾಕ ಅಂಜತಾರ ಅಕ್ಕಾ. ಕಡದಿದ್ರ ಅಂಜತಿದ್ದಿಲ್ಲ."

ಪ್ರೇಮಾ ಒಂದು ಡ್ರಮ್ಮಿನ ಮೇಲೆ ಬಗ್ಗಿ ತನ್ನ ಹುಳುಗಳನ್ನು ಹುಡುಕಿದಳು. ಊರಿನ ಸಂತೆಯಲ್ಲೂ ತನ್ನ ಹುಳುಗಳನ್ನು ಗುರುತಿಸುತ್ತೇನೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದವಳು ಅವಳು. ಎಷ್ಟು ನೋಡಿದರೂ ಯಾವುವು ತನ್ನವೆಂದು ತಿಳಿಯಲಿಲ್ಲ.

ಮನೆಗೆ ಬಂದು ಗಂಡನ ಮುಂದೆ ಎಲ್ಲ ಹೇಳಿಕೊಂಡಳು. ಬಸವಲಿಂಗಪ್ಪ ಚಹಾದ ಲೋಟ ಕೆಳಗಿಟ್ಟು, ಹಿತ್ತಲ ಬಾಗಿಲವರೆಗೆ ಹೋಗಿ ಪೆಟ್ಟಿಗೆಗಳನ್ನು ನೋಡಿ ಬಂದ.

"ನಮ್ಮ ಅಂಬಣ್ಣನ ಹೊಲಕ್ಕ ಒಯ್ಯೂಣು," ಎಂದ ಕೊನೆಗೆ. ಅಂಬಣ್ಣ ಅವನ ಜೊತೆ ಕೆಲಸ ಮಾಡಿದವನು, ಈಗ ಜಹೀರಾಬಾದಿನ ಕಡೆ ಹೊಲ ಮಾಡಿಕೊಂಡಿದ್ದ. "ಅಲ್ಲಿ ಸುತ್ತ ಹರದಾರಿ ದೂರ ಕಾರ್ಖಾನಿ ಇಲ್ಲ. ಸೂರ್ಯಕಾಂತಿ ಬಿತ್ತ್ಯಾನ. ಟೆಂಪೋ ಮಾಡ್ತೀನಿ. ನಾನ ಎತ್ತಿ ಇಡ್ತೀನಿ ಪೆಟಗಿ."

ಹುಳಕ್ಕೆ ಹೆದರುವ ಗಂಡ ಹೀಗೆಂದದ್ದು ಕೇಳಿ ಅವಳಿಗೆ ಅಳು ಬಂತು. ಆದರೂ ಬಾಯಿಂದ ಬಂದದ್ದು ಬೇರೆ ಮಾತು. "ತಪಾಸಣಿ ಮುಗೀಲಿರಿ. ಜಾಗ ಬಿಟ್ಟು ಕದಲಿಸಿದ್ರ ಹೆಸರು ತಗೀತಾರ. ಆಮ್ಯಾಲ ಇವನ್ನ ಯಾರು ಕೇಳ್ತಾರ?"

"ತಪಾಸಣಿ ಮುಗಿಯೂತನಕ ಇವು ಇರಬೇಕಲ್ಲ, ಪ್ರೇಮಾ?"

"ಇರ್ತಾವ. ನಾ ನೋಡ್ಕೋತೀನಿ."

ಅವನು ವಾದಿಸಲಿಲ್ಲ. ವಾದಿಸಬೇಕಿತ್ತು ಎಂದು ಆಮೇಲೆ ಅವಳಿಗೆ ಅವನ ಮೇಲೇ ಸಿಟ್ಟು ಬಂತು.

ನೋಡಿಕೊಳ್ಳಲು ಅವಳು ಬಿಟ್ಟ ಉಪಾಯವಿಲ್ಲ. ಬಾಗಿಲುಗಳಿಗೆ ಜಾಳಿಗೆ ಕಟ್ಟಿ ನೋಡಿದಳು. ಹುಳುಗಳು ಜಾಳಿಗೆಗೆ ಮುಖ ಒತ್ತಿ ನಾಚಾರಂ ಕಡೆಗೇ ತಿರುಗಿ ನಿಂತವು, ಕೆಲವು ಹಾಗೇ ನಿಂತು ಸತ್ತವು, ಬಿಚ್ಚಬೇಕಾಯಿತು. ಮತ್ತೆ ಮತ್ತೆ ಎರಿ ಬರಿದು ಮಾಡಿದಳು, ಮತ್ತೆ ಮತ್ತೆ ತುಂಬಿದವು. ಬೇವಿನ ಬುಡದಲ್ಲಿ ಸತ್ತ ಹುಳುಗಳು ಬೀಳತೊಡಗಿದವು. ಅವುಗಳನ್ನು ಎತ್ತಿಕೊಂಡು ಹೋಗಲು ಇರುವೆ ಬರಲಿಲ್ಲ, ಹಕ್ಕಿ ಬರಲಿಲ್ಲ. ಅವಳೇ ಗುಡಿಸಿ ಮಣ್ಣು ಮಾಡಿದಳು. ದಸರೆಗೆ ಬನ್ನಿ ಕೊಡಲು ಬಂದ ಪಕ್ಕದ ಮನೆಯ ಗಿರಿಜಾಬಾಯಿ ಹಿತ್ತಲು ನೋಡಿ, "ಈ ವರ್ಷ ನಿಮ್ಮ ಹುಳದ ಕಾಟನ ಇಲ್ಲ ನೋಡ್ರಿ, ಪ್ರೇಮಕ್ಕ. ಭಾಳ ಆರಾಮ ಆಗೇತಿ," ಎಂದಳು.

ಹಬ್ಬ ಮುಗಿಯುವಷ್ಟರಲ್ಲಿ ಒಂದೇ ಒಂದು ಪೆಟ್ಟಿಗೆಯಲ್ಲಿ ಜೀವವಿರುವ ರಾಣಿ ಉಳಿದಿತ್ತು. ಅದರ ಸುತ್ತ ಒಂದು ಹಿಡಿ ಹುಳು.

ಶ್ರೀಲಕ್ಷ್ಮಿ ಜೀಪಿನಲ್ಲಿ ಬಂದಳು, ಜೊತೆಗೆ ತೂಕದ ಯಂತ್ರ ಹಿಡಿದ ಇಬ್ಬರು. ಜೇನು ಕೋಣೆಗಳನ್ನೆಲ್ಲ ಇಳಿಸಿ ತೂಗಿದರು. ಹನಿಯನ್ನು ಗಾಜಿನ ಮೇಲಿಟ್ಟು ನೋಡಿದರು. ಎಲ್ಲವೂ ಪಾಸು. ತೂಗುವವರು ತೆಲುಗಿನಲ್ಲಿ ತಮಾಷೆ ಮಾಡಿಕೊಳ್ಳುತ್ತಿದ್ದರು, ಇಷ್ಟು ಭಾರದ ತುಡುವೆ ಪೆಟ್ಟಿಗೆ ಎಲ್ಲೂ ನೋಡಿಲ್ಲವಂತೆ. ಗೇಟಿಗೆ ಯೋಜನೆಯ ಹಸಿರು ಫಲಕ ಬಡಿದರು. ಶ್ರೀಲಕ್ಷ್ಮಿ ಮಾತ್ರ ಒಂದು ಪೆಟ್ಟಿಗೆಯ ಬಾಗಿಲ ಹತ್ತಿರ ಕಿವಿಯಿಟ್ಟು, ಎದ್ದು, ಪ್ರೇಮಾಳ ಮುಖ ನೋಡಿದಳು.

"ಹುಳ ಎಲ್ಲಿ ರೀ?"

"ಇದ್ದುವ್ರಿ," ಎಂದಳು ಪ್ರೇಮಾ. "ಈಗೂ ಅದಾವ. ಒಂದರಾಗ."

ಶ್ರೀಲಕ್ಷ್ಮಿ ಏನೋ ಕೇಳಲು ಬಾಯಿ ತೆರೆದಳು. ಕೇಳಿದರೆ ಉತ್ತರ ಬಂದೀತು, ಉತ್ತರ ಬಂದರೆ ಫಲಕ ಇಳಿಸಬೇಕಾದೀತು. ಅವಳು ಪ್ರೇಮಾಳ ಭುಜವನ್ನು ಮೆಲ್ಲಗೆ ಒತ್ತಿದಳು. "ತೂಕಕ್ಕೆ ದುಡ್ಡು ಬರುತ್ತೆ ರೀ. ಹುಳ ಇದಾವಾ ಅಂತ ನಮ್ಮನ್ನ ಯಾರೂ ಕೇಳಲ್ಲ," ಎಂದು, ಆ ಮಾತಿಗೆ ತಾನೇ ನಾಚಿಕೊಂಡವಳಂತೆ ಬೇಗ ಜೀಪು ಹತ್ತಿದಳು.

ಬಸವಲಿಂಗಪ್ಪ ಟೆಂಪೋ ಕರೆತರಲು ಓಡಿದ. ಪ್ರೇಮಾ ಉಳಿದ ಪೆಟ್ಟಿಗೆಯಿಂದ ರಾಣಿಯಿದ್ದ ಚೌಕಟ್ಟನ್ನು ತೆಗೆದು, ಬಿಸಿಲು ತಾಗದಂತೆ ಬೇವಿನ ಬೊಡ್ಡೆಗೆ ಒರಗಿಸಿಟ್ಟಳು. ರಾಣಿ ಸೊರಗಿತ್ತು, ಆದರೂ ನಡೆಯುತ್ತಿತ್ತು. ತಲೆ ಹಾಕುವುದು, ತೆಗೆಯುವುದು, ಮುಂದಕ್ಕೆ ಹೋಗುವುದು. ಯಂತ್ರಕ್ಕೆ ಹಾಕಿದರೆ ಈಗ ಅದರ ಜೀವ ತಡೆಯದು. ಪ್ರೇಮಾ ಒಳಗೆ ಹೋಗಿ ದೇವರ ಜಗುಲಿಯ ಮೇಲಿಂದ ಒಂದು ಹಿಡಿ ಹತ್ತಿಯ ಬತ್ತಿ ತಂದಳು. ಮುಡಿಯ ಪಿನ್ನಿನಿಂದ ಎರಿಯ ಮೇಣ ಬಿಡಿಸಿ, ಒಂದು ಕೋಶಕ್ಕೆ ಒಂದು ಬತ್ತಿ ಇಳಿಬಿಟ್ಟು, ಅದು ಹೀರಿಕೊಂಡ ಮೇಲೆ ತೆಗೆದು ಇನ್ನೊಂದು ಇಳಿಬಿಟ್ಟಳು. ಎರಿ ಹರಿಯದಂತೆ ಹಗುರ ಕೈಯಲ್ಲಿ ಮಾಡಿದಳು. ಬಹಳ ಹೊತ್ತಿನ ಮೇಲೆ ಎರಿಯ ನಡುವೆ ಅರ್ಧ ಅಂಗೈಯಗಲ ಜಾಗ ತೆರವಾಯಿತು. ಒಣಗಿದ, ಸ್ವಚ್ಛವಾದ ಕೋಶಗಳು.

"ಬಾ ನಮ್ಮವ್ವ," ಎಂದಳು. "ಇಲ್ಲಿ ಜಾಗ ಐತಿ, ಬಾ."

ರಾಣಿ ಬಂತು. ತೆರವಾದ ಕೋಶವೊಂದಕ್ಕೆ ತಲೆ ಹಾಕಿತು. ಈ ಸಲ ಕೂಡಲೇ ತೆಗೆಯಲಿಲ್ಲ. ಒಳಗೆಲ್ಲ ಮೀಸೆಯಾಡಿಸಿ, ಹೊರಬಂದು, ಮೊಟ್ಟೆಯಿಡುವ ಮೊದಲು ತಿರುಗುವ ಹಾಗೆ ಮೆಲ್ಲಗೆ ತಿರುಗಿ, ಹೊಟ್ಟೆಯ ತುದಿಯನ್ನು ಎತ್ತಿತು. ಪ್ರೇಮಾ ರೆಪ್ಪೆ ಬಡಿಯಲಿಲ್ಲ.

ಪಕ್ಕದಿಂದ ಒಂದು ಹುಳು, ಏನೂ ಅವಸರವಿಲ್ಲದೆ, ನಡೆದು ಬಂದು ಅದೇ ಕೋಶಕ್ಕೆ ಬಾಯಿಟ್ಟಿತು. ಅದು ತಲೆ ಎತ್ತಿದಾಗ ಕೋಶದ ತಳದಲ್ಲಿ ಅದೇ ತಿಳಿ ಸಿಹಿಯ ಹನಿಯೊಂದು ಹೊಳೆಯುತ್ತಿತ್ತು. ಅದರ ಹಿಂದೆ ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ರಾಣಿ ಎತ್ತಿದ ಹೊಟ್ಟೆಯನ್ನು ಕೋಶಕ್ಕೆ ಇಳಿಸದೆ, ಮೊಟ್ಟೆಯಿಡದೆಯೇ ಪಕ್ಕದ ಕೋಶದ ಕಡೆಗೆ ನಡೆಯಿತು.